ಡೆಟ್ರಾಯಿಟಿನ ಗಾನರಾಣಿ ಮತ್ತು ಆಕೆಯ ಉಡುಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಮಿಷಿಗನ್ ಪ್ರಾಂತದಲ್ಲಿ, ಡೆಟ್ರಾಯಿಟ್ ಎಂಬ ನಗರವಿದೆ. ಈ ಹೆಸರನ್ನಿಟ್ಟವರು ಫ್ರೆಂಚರು. ಅವರ ಭಾಷೆಯಲ್ಲಿ ಅದಕ್ಕೆ ಜಲಸಂಧಿ ಎಂದರ್ಥ. ನಗರದ ಮಗ್ಗುಲಲ್ಲೇ ಹರಿಯುವ ಅಗಲವಾದ ನದಿಯ ಆಚೆಯ ದಡ ಕೆನಡಾ ದೇಶಕ್ಕೆ ಸೇರಿದುದು. ಕೆನಡಾ ಎಂದರೆ ಉತ್ತರ ದಿಕ್ಕು ಎಂದು ಶಾಲೆಯ ಭೂಗೋಳದಲ್ಲಿ ಓದಿಕೊಂಡ ನಮಗೆ ಇಲ್ಲೊಂದು ಚೋದ್ಯ ಕಾದಿರುತ್ತದೆ. ಡೆಟ್ರಾಯಿಟಿನ ನದೀತೀರದಲ್ಲಿ ನಿಂತು ಕೆನಡಾವನ್ನು ನೋಡಬೇಕಾದರೆ ದಕ್ಷಿಣಕ್ಕೆ ಮುಖಮಾಡಬೇಕು!

ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹತ್ತಿಯ ತೋಟಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರು ರಾತ್ರಿಯ ಮರೆಯಲ್ಲಿ ಇದೇ ನದಿಯನ್ನು ದಾಟಿ ಸ್ವತಂತ್ರರಾಗುತ್ತಿದ್ದರು. ಅದರ ನೆನಪಿಗೆ 2001ರಲ್ಲಿ ದಡದ ಮೇಲೆ ಒಂದು ಕಂಚಿನ ಶಿಲ್ಪವನ್ನು ನಿಲ್ಲಿಸಿದ್ದಾರೆ. ಅದರಲ್ಲಿ ಒಂದಷ್ಟು ಮಂದಿ ಆಚೆಯ ದಡದತ್ತ ನೋಡುತ್ತ ನಿಂತಿದ್ದಾರೆ. ಗುಲಾಮಗಿರಿ ಅಳಿದ ಮೇಲೆ ಈ ಊರಿಗೆ ಬಂದ ಕಪ್ಪು ಜನರು ನದಿಯನ್ನು ದಾಟಲಿಲ್ಲ, ಇಲ್ಲಿಯೇ ನಿಂತರು. ಅವರನ್ನು ಕರೆದದ್ದು ಮೋಟಾರು ಕಾರ್ಖಾನೆಗಳು. ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಕಂಪನಿಗಳ ದೆಸೆಯಿಂದ ಜಗತ್ತಿನ ಮೋಟಾರು ರಾಜಧಾನಿಯೆನಿಸಿಕೊಂಡ ಡೆಟ್ರಾಯಿಟಿನಲ್ಲಿ 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು ಆರು ಲಕ್ಷ ನಲವತ್ತು ಸಾವಿರದಷ್ಟು ಮಂದಿ ಮಾತ್ರ. 2013ರಲ್ಲಂತೂ ನಗರವೇ ನ್ಯಾಯಾಲಯಕ್ಕೆ ಹೋಗಿ ತಾನು ದಿವಾಳಿಯಾದೆನೆಂದು ಅರ್ಜಿ ಹಾಕಿಕೊಂಡಿತು.

ಕಾರ್ಖಾನೆಗಳು ಬಡವಾದರೂ ಬಡವಾಗದ ಸಂಪತ್ತೊಂದು ಈ ಊರಿನಲ್ಲಿದೆ. ಅದು ಸಂಗೀತ. ಆ ಸಂಗೀತದ ಸಿಂಹಾಸನದಲ್ಲಿ ಅರ್ಧ ಶತಮಾನ ಕಾಲ ಕುಳಿತಿದ್ದವರು ಅರೀಥಾ ಫ್ರಾಂಕ್ಲಿನ್ ಎಂಬ ಮಹಿಳೆ. 1942ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಈಕೆಯನ್ನು ಅಮೆರಿಕನ್ನರು ಸೋಲ್ ಸಂಗೀತದ ರಾಣಿಯೆಂದು ಕರೆಯುತ್ತಿದ್ದರು. ಸೋಲ್ ಎಂದರೆ ಆತ್ಮ. ಕಪ್ಪು ಜನರ ಚರ್ಚುಗಳಲ್ಲಿ ಕೇಳಿಬರುವ ಭಕ್ತಿಗೀತೆಗಳ ಆವೇಶವನ್ನು ಲೋಕದ ಪ್ರೀತಿ, ವಿರಹ, ಜಗಳಗಳ ಹಾಡಿಗೆ ತಂದ ಸಂಗೀತವದು. ಆಕೆಯ ಕಂಠವನ್ನು ಧ್ವನಿಮುದ್ರಿಕೆಗಳಲ್ಲಿ ಯಾರು ಬೇಕಾದರೂ ಕೇಳಬಹುದು. ಆದರೆ ಅರುವತ್ತು ವರ್ಷಗಳ ಕಾಲ ಆಕೆ ವೇದಿಕೆಯ ಮೇಲೆ ಏನನ್ನು ಉಟ್ಟು ನಿಂತರು, ಏಕೆ ಹಾಗೆ ಉಟ್ಟರು ಎಂಬುದನ್ನು ತಿಳಿಯಬೇಕಾದರೆ ಡೆಟ್ರಾಯಿಟಿನ ಬೀದಿಗಳನ್ನು ಸುತ್ತಬೇಕು.

ಕೆಡವಿದ ಬೀದಿ, ಉಳಿದ ಚರ್ಚು

ನಗರದ ಮಧ್ಯಭಾಗದಿಂದ ಸ್ವಲ್ಪ ಪೂರ್ವಕ್ಕೆ ನಡೆದರೆ ಆಳವಾದ ಹಳ್ಳದಂತೆ ತೋಡಿದ ಹೆದ್ದಾರಿಯೊಂದು ಅಡ್ಡಬರುತ್ತದೆ. ಈ ಹೆದ್ದಾರಿಯನ್ನು ಕೊರೆಯುವುದಕ್ಕೆ ಮುಂಚೆ ಇಲ್ಲಿ ಹೇಸ್ಟಿಂಗ್ಸ್ ಬೀದಿಯಿತ್ತು. ಕಪ್ಪು ಜನರ ಅಂಗಡಿಗಳು, ಹೋಟೆಲುಗಳು, ಗಾಯನಶಾಲೆಗಳು, ಧ್ವನಿಮುದ್ರಿಕೆಯ ಮಳಿಗೆಗಳು ಸಾಲುಗಟ್ಟಿದ್ದ ಬೀದಿ ಅದು. ಅರೀಥಾರ ತಂದೆ ಸಿ. ಎಲ್. ಫ್ರಾಂಕ್ಲಿನ್ ಅವರು ಪಾದ್ರಿಯಾಗಿದ್ದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚು ಇದೇ ಬೀದಿಯಲ್ಲಿತ್ತು. ಮೆಂಫಿಸ್ ನಗರದ ಲೂಸಿ ಅವೆನ್ಯೂವಿನ ಒಂದು ಪುಟ್ಟ ಮರದ ಮನೆಯಲ್ಲಿ ಹುಟ್ಟಿದ ಮಗಳು ನಾಲ್ಕು ವರ್ಷದವಳಾಗಿದ್ದಾಗ, 1946ರಲ್ಲಿ, ಕುಟುಂಬವು ಇಲ್ಲಿಗೆ ಬಂದು ನೆಲೆಸಿತು. ಹೆದ್ದಾರಿಗಾಗಿ ಬೀದಿಯನ್ನು ಕೆಡವಿದ ಮೇಲೆ, 1963ರಲ್ಲಿ, ಚರ್ಚು ಊರಿನ ಪಶ್ಚಿಮದ ಲಿನ್‌ವುಡ್ ರಸ್ತೆಗೆ ಸ್ಥಳಾಂತರ ಹೊಂದಿತು. ಅಲ್ಲಿದ್ದ ಹಳೆಯ ಚಲನಚಿತ್ರ ಮಂದಿರವೊಂದನ್ನೇ ಪ್ರಾರ್ಥನಾಮಂದಿರವಾಗಿ ಮಾರ್ಪಡಿಸಿದರು. ಆ ರಸ್ತೆಯ ಒಂದು ಭಾಗಕ್ಕೆ ಈಗ ಫ್ರಾಂಕ್ಲಿನ್ ಅವರ ಹೆಸರಿದೆ.

ಹಿರಿಯ ಫ್ರಾಂಕ್ಲಿನ್ ಸಾಮಾನ್ಯ ಪಾದ್ರಿಯಲ್ಲ. ಅವರ ಉಪದೇಶ ಮಾತಿನಲ್ಲಿ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತಿತ್ತು. ಅದನ್ನು ಧ್ವನಿಮುದ್ರಿಕೆಗಳಲ್ಲಿ ಹಿಡಿದು ದೇಶವಿಡೀ ಮಾರುತ್ತಿದ್ದರು. ಸೊಗಸಾದ ಸೂಟು, ಹೊಳೆಯುವ ಜೋಡುಗಳಲ್ಲಿ ಅವರು ವೇದಿಕೆ ಏರುತ್ತಿದ್ದರು. ಆಗಿನ ಕಾಲದ ಹೆಸರಾಂತ ಭಕ್ತಿಗೀತ ಗಾಯಕಿಯರಾದ ಮಹಾಲಿಯಾ ಜಾಕ್ಸನ್ ಮತ್ತು ಕ್ಲಾರಾ ವಾರ್ಡ್ ಆ ಮನೆಗೆ ಬಂದುಹೋಗುವ ಸ್ನೇಹಿತರು. ತಾಯಿಯನ್ನು ಹತ್ತು ವರ್ಷ ತುಂಬುವ ಮೊದಲೇ ಕಳೆದುಕೊಂಡ ಹುಡುಗಿಗೆ ಈ ಹೆಂಗಸರು ಕೇವಲ ಅತಿಥಿಗಳಾಗಿರಲಿಲ್ಲ.

ಅರೀಥಾ ತಮ್ಮ ಜೀವನದ ದಿಕ್ಕು ನಿಶ್ಚಯವಾದ ಗಳಿಗೆಯನ್ನು ಮುಂದೆ ಅನೇಕ ಸಾರಿ ನೆನೆದುಕೊಂಡಿದ್ದಾರೆ. ಬಂಧುವೊಬ್ಬರ ಅಂತ್ಯಕ್ರಿಯೆಯ ಪ್ರಾರ್ಥನೆಯಲ್ಲಿ ಕ್ಲಾರಾ ವಾರ್ಡ್ ಹಾಡುತ್ತಿದ್ದರು. ಹಾಡು ತುತ್ತತುದಿಗೇರಿದಾಗ ಭಾವಾವೇಶದಲ್ಲಿ ಆಕೆ ತಲೆಯ ಮೇಲಿದ್ದ ಹ್ಯಾಟನ್ನು ಕಿತ್ತು ನೆಲಕ್ಕೆ ಬಿಸುಟರು. ಅದನ್ನು ಕಂಡ ಬಾಲಕಿ ತಾನು ಗಾಯಕಿಯಾಗಬೇಕೆಂದು ಆ ಕ್ಷಣವೇ ನಿಶ್ಚಯಿಸಿದಳು. ಅಚ್ಚುಕಟ್ಟಾಗಿ ತೊಟ್ಟು ಬಂದ ಹ್ಯಾಟು, ಹಾಡಿನ ಉತ್ಕರ್ಷದಲ್ಲಿ ನೆಲಕ್ಕೆ ಬಿದ್ದ ಹ್ಯಾಟು: ಇವೆರಡನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯಲ್ಲಿ ಎರಡೂ ಮತ್ತೆ ಬರುತ್ತವೆ.

ಬಟ್ಟೆಗೂ ಕಾನೂನು

ಅಮೆರಿಕದ ಕಪ್ಪು ಜನರ ಚರ್ಚಿಗೆ ಭಾನುವಾರ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಹಿರಿಯ ಹೆಂಗಸರ ಹ್ಯಾಟುಗಳು. ಹಳದಿ, ನೇರಿಳೆ, ಕೆಂಪು, ಬಿಳಿ. ಗರಿಯುಳ್ಳವು, ಹೂವುಳ್ಳವು, ಬಲೆಯ ಮುಸುಕುಳ್ಳವು. ಹ್ಯಾಟಿಗೆ ಒಪ್ಪುವ ಉಡುಪು, ಉಡುಪಿಗೆ ಒಪ್ಪುವ ಕೈಚೀಲ, ಕೈಚೀಲಕ್ಕೆ ಒಪ್ಪುವ ಜೋಡು. ನಮ್ಮಲ್ಲಿ ಮದುವೆಯ ಮನೆಗೆ ಪೆಟ್ಟಿಗೆಯ ತಳದಲ್ಲಿಟ್ಟ ಜರಿಸೀರೆಯನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಅವರು ಪ್ರತಿ ಭಾನುವಾರ ಸಿಂಗರಿಸಿಕೊಳ್ಳುತ್ತಾರೆ. ಆ ಹ್ಯಾಟುಗಳನ್ನು ಅವರು ಕಿರೀಟಗಳೆಂದೇ ಕರೆಯುವುದುಂಟು. ಸ್ತ್ರೀಯರು ತಲೆಯನ್ನು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಬೈಬಲಿನಲ್ಲಿ ಸಂತ ಪೌಲನ ಮಾತಿದೆ. ಆ ಮಾತನ್ನು ಪಾಲಿಸಿಯೂ ಇಷ್ಟು ಚೆಲುವಾಗಿರಬಹುದೆಂದು ತೋರಿಸಿಕೊಟ್ಟವರು ಇವರು.

ಇದು ಬರಿಯ ಷೋಕಿಯಲ್ಲ. ಇತಿಹಾಸದ ಪುಟಗಳನ್ನು ತಿರುವಿದರೆ ಇದರ ಬೇರು ಕಾಣುತ್ತದೆ. ಬ್ರಿಟಿಷರ ವಸಾಹತಾಗಿದ್ದ ದಕ್ಷಿಣ ಕೆರೋಲಿನಾದಲ್ಲಿ 1740ರಲ್ಲಿ ಒಂದು ಕಾನೂನು ಬಂತು. ಗುಲಾಮರು ಒರಟು ಅಗ್ಗದ ಬಟ್ಟೆಗಳನ್ನೇ ಉಡಬೇಕು, ಮೇಲ್ದರ್ಜೆಯ ಬಟ್ಟೆ ಅವರ ಮೈಮೇಲೆ ಕಂಡರೆ ಅದನ್ನು ಕಸಿದುಕೊಳ್ಳಬಹುದು ಎಂದು ಅದು ವಿಧಿಸಿತು. ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನದಲ್ಲಿ 1786ರಲ್ಲಿ ಗವರ್ನರನು ಇನ್ನೊಂದು ಆಜ್ಞೆ ಹೊರಡಿಸಿದ. ಕಪ್ಪು ಹಾಗೂ ಮಿಶ್ರವರ್ಣದ ಹೆಂಗಸರು ಕೂದಲನ್ನು ಅಲಂಕರಿಸಿಕೊಳ್ಳಕೂಡದು, ತಲೆಗೆ ವಸ್ತ್ರ ಸುತ್ತಿಕೊಂಡೇ ಹೊರಗೆ ಬರಬೇಕು. ಅವರು ಕೀಳೆಂದು ನೋಡಿದವರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ಆ ಹೆಂಗಸರು ಮಾಡಿದ್ದೇನು? ಆಜ್ಞೆಯನ್ನು ಮೀರಲಿಲ್ಲ; ಬಣ್ಣಬಣ್ಣದ ಬೆಲೆಬಾಳುವ ವಸ್ತ್ರಗಳನ್ನು ತಂದು, ಎತ್ತರವಾಗಿ ಚೆಲುವಾಗಿ ಸುತ್ತಿ, ಅವಮಾನದ ಗುರುತನ್ನೇ ಆಭರಣವನ್ನಾಗಿ ಮಾಡಿಕೊಂಡರು!

ಉಡುಪಿನಲ್ಲಿ ಇದ್ದ ಕೀಳರಿಮೆಯೇ ಮಾತಿನಲ್ಲಿಯೂ ಇತ್ತು. ದಕ್ಷಿಣದ ಪ್ರಾಂತಗಳಲ್ಲಿ ಬಿಳಿಯರ ಮಕ್ಕಳೂ ಕಪ್ಪು ಮುದುಕಿಯನ್ನು ಬರಿಯ ಹೆಸರು ಹಿಡಿದು ಕರೆಯುತ್ತಿದ್ದರು. ಅಲಬಾಮಾದ ನ್ಯಾಯಾಲಯವೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ತರುಣಿಯನ್ನು ವಕೀಲನು ಬರಿಯ ‘ಮೇರಿ’ ಎಂದು ಕರೆದಾಗ, ಮರ್ಯಾದೆಯಿಂದ ಕರೆಯದ ಹೊರತು ಉತ್ತರಿಸುವುದಿಲ್ಲವೆಂದು ಆಕೆ ಹೇಳಿದರು. ನ್ಯಾಯಾಲಯ ನಿಂದನೆಯೆಂದು ಆಕೆಗೆ ಸೆರೆವಾಸ ವಿಧಿಸಿದರು. 1964ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಒಂದು ಗೌರವವಾಚಕಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತೆಂದರೆ, ‘ನೀನು’ ‘ನೀವು’ಗಳ ನಡುವಿನ ಅಂತರವನ್ನು ಹುಟ್ಟಿನಿಂದಲೇ ಬಲ್ಲ ಕನ್ನಡಿಗರಿಗೆ ಅದರ ನೋವು ಅರ್ಥವಾಗದೆ ಇರದು.

ವಾರದ ಆರು ದಿನ ಕಾರ್ಖಾನೆಯ ಮೇಲಂಗಿ, ಅಡುಗೆಯವಳ ಏಪ್ರನ್ನು, ದಾದಿಯ ಸಮವಸ್ತ್ರ ತೊಟ್ಟು, ಹೆಸರು ಹಿಡಿದು ಕರೆಸಿಕೊಂಡ ಜನ ಏಳನೆಯ ದಿನ ತಮ್ಮ ಚರ್ಚಿನಲ್ಲಿ ಶ್ರೀಯುತರಾಗುತ್ತಿದ್ದರು, ಶ್ರೀಮತಿಯರಾಗುತ್ತಿದ್ದರು. ಅದಕ್ಕೆ ತಕ್ಕ ಬಟ್ಟೆಯನ್ನು ಅವರು ಉಟ್ಟರು. ಅರೀಥಾ ಬೆಳೆದದ್ದು ಇಂಥವರ ನಡುವೆ. ಹದಿನಾಲ್ಕರ ವಯಸ್ಸಿನಲ್ಲಿ ಆಕೆಯ ಕಂಠವನ್ನು ಮೊದಲ ಬಾರಿಗೆ ಮುದ್ರಿಸಿಕೊಂಡದ್ದು ಸಹ ಈ ಚರ್ಚಿನಲ್ಲಿಯೇ.

ರೇಷ್ಮೆಯ ಗೌನಿನಿಂದ ತಲೆವಸ್ತ್ರಕ್ಕೆ

1960ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅರೀಥಾ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ಕಂಪನಿಯನ್ನು ಸೇರಿದರು. ಆ ಕಾಲದ ಭಾವಚಿತ್ರಗಳಲ್ಲಿ ಕಾಣುವ ತರುಣಿ ರೇಷ್ಮೆಯ ಗೌನು ತೊಟ್ಟು, ಕೂದಲನ್ನು ಗೋಪುರದಂತೆ ಎತ್ತಿಕಟ್ಟಿ, ಸ್ವಲ್ಪ ಸಂಕೋಚದಿಂದಲೇ ನಿಂತಿರುತ್ತಾಳೆ. ರಾತ್ರಿಯ ಊಟದ ಹೋಟೆಲುಗಳಲ್ಲಿ ಹಾಡುವ ಗಾಯಕಿಯರು ಹೇಗಿರಬೇಕೆಂದು ಅಂದಿನ ಬಿಳಿಯರ ಲೋಕ ಬಯಸುತ್ತಿತ್ತೋ ಹಾಗೆ ಆಕೆಯನ್ನು ಸಿದ್ಧಪಡಿಸಿದ್ದರು. ಕಂಠವೂ ಹಾಗೆಯೇ ಬಿಗಿದ ಉಡುಪಿನಲ್ಲಿತ್ತು. ಆರು ವರ್ಷ ಹಾಡಿದರೂ ಹೇಳಿಕೊಳ್ಳುವಂಥ ಜಯ ದೊರೆಯಲಿಲ್ಲ.

ಇದೇ ಸಮಯದಲ್ಲಿ ಡೆಟ್ರಾಯಿಟಿನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಒಂದು ಮನೆಯಲ್ಲಿ ಮೋಟೌನ್ ಎಂಬ ಸಂಗೀತ ಕಂಪನಿ ಬೆಳೆಯುತ್ತಿತ್ತು. ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯನ್ನು ಪ್ರವಾಸಿಗಳು ತಪ್ಪದೆ ನೋಡುತ್ತಾರೆ. ಅಲ್ಲಿ ಮ್ಯಾಕ್ಸಿನ್ ಪವೆಲ್ ಎಂಬ ಹಿರಿಯ ಮಹಿಳೆ ಗಾಯಕ ಗಾಯಕಿಯರಿಗೆ ನಡೆಯುವ, ಕೂಡುವ, ಕಾರಿನಿಂದ ಇಳಿಯುವ ರೀತಿಗಳನ್ನು ಕಲಿಸುತ್ತಿದ್ದರು. ರಾಜರ ಮುಂದೆಯೂ ರಾಷ್ಟ್ರಾಧ್ಯಕ್ಷರ ಮುಂದೆಯೂ ನಿಲ್ಲುವ ಯೋಗ್ಯತೆ ನಿಮಗೆ ಬರಬೇಕು ಎಂಬುದು ಅವರ ಪಾಠದ ಸಾರ. ಅರೀಥಾ ಊರಿನವರಾದರೂ ಮೋಟೌನಿಗೆ ಸೇರಲಿಲ್ಲ. ಆಕೆಯ ಪಾಠಶಾಲೆ ಬೇರೆ ಇತ್ತು.

1967ರ ಆರಂಭದಲ್ಲಿ ಅಟ್ಲಾಂಟಿಕ್ ಕಂಪನಿಗಾಗಿ ಅರೀಥಾ ಪಿಯಾನೋದ ಮುಂದೆ ತಾವೇ ಕುಳಿತು, ಚರ್ಚಿನಲ್ಲಿ ಹಾಡುತ್ತಿದ್ದಂತೆ ಗಂಟಲು ತೆರೆದು ಹಾಡಿದರು. ಓಟಿಸ್ ರೆಡಿಂಗ್ ಬರೆದು 1965ರಲ್ಲಿ ಹಾಡಿದ್ದ ‘ರೆಸ್ಪೆಕ್ಟ್’ ಎಂಬ ಗೀತೆ ಆಕೆಯ ಬಾಯಲ್ಲಿ ಹೊಸ ಹುಟ್ಟನ್ನು ಪಡೆಯಿತು. ದುಡಿದು ಮನೆಗೆ ಬರುವ ಗಂಡಸು ಕೇಳುತ್ತಿದ್ದ ಮರ್ಯಾದೆಯನ್ನು ಈಗ ಹೆಂಗಸು ಕೇಳಿದಳು. ಅವಳ ಹಿಂದೆ ಒಂದು ಜನಾಂಗವೇ ಕೇಳಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು. ಗಲಭೆಯಲ್ಲಿ 43 ಜನ ಮಡಿದರು. 1968ರ ಫೆಬ್ರವರಿ 16ರಂದು ನದೀತೀರದ ಕೋಬೋ ಸಭಾಂಗಣದಲ್ಲಿ ಆಕೆಯ ಗೌರವಾರ್ಥವಾಗಿ ನಡೆದ ಸಮಾರಂಭಕ್ಕೆ ಕುಟುಂಬದ ಸ್ನೇಹಿತರಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರೇ ಬಂದರು. ಏಳು ವಾರ ತುಂಬುವ ಮೊದಲೇ ಅವರು ಮೆಂಫಿಸಿನಲ್ಲಿ, ಆಕೆ ಹುಟ್ಟಿದ ಊರಿನಲ್ಲಿ, ಗುಂಡಿಗೆ ಬಲಿಯಾದರು.

ಅನಂತರದ ವರ್ಷಗಳಲ್ಲಿ ಅರೀಥಾರ ವೇಷ ಬದಲಾಯಿತು. ಗೋಪುರದ ಕೇಶವಿನ್ಯಾಸ ಹೋಗಿ, ಹುಟ್ಟಿದಂತೆಯೇ ಗುಂಗುರಾಗಿ ಹರಡಿದ ಕೂದಲು ಬಂತು. ಬಿಗಿಯಾದ ಗೌನಿನ ಸ್ಥಾನದಲ್ಲಿ ಆಫ್ರಿಕದ ಮಾದರಿಯ ಸಡಿಲ ನಿಲುವಂಗಿ ಬಂತು. ಲೂಯಿಸಿಯಾನದ ಹೆಂಗಸರು ಎರಡು ಶತಮಾನಗಳ ಹಿಂದೆ ಸುತ್ತಿಕೊಂಡಿದ್ದ ತಲೆವಸ್ತ್ರವನ್ನು ಈಕೆ ಅಂತಃಸ್ಫೂರ್ತಿಯಿಂದ ಸುತ್ತಿಕೊಂಡರು. ಸೆರೆಮನೆಯಲ್ಲಿದ್ದ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರ ಜಾಮೀನಿಗೆ ಹಣ ಕಟ್ಟಲು ತಾವು ಸಿದ್ಧವೆಂದು 1970ರಲ್ಲಿ ಬಹಿರಂಗವಾಗಿ ಹೇಳಿದ ಕಾಲವಿದು. ಉಡುಗೆಯೂ ಮಾತೂ ಒಂದೇ ದಿಕ್ಕಿಗೆ ಮುಖಮಾಡಿದ್ದುವು.

1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬಡಾವಣೆಯೊಂದರ ಚರ್ಚಿನಲ್ಲಿ ಎರಡು ರಾತ್ರಿ ಅರೀಥಾ ಭಕ್ತಿಗೀತೆಗಳನ್ನು ಹಾಡಿದರು. ಸಿಡ್ನಿ ಪೊಲಾಕ್ ಎಂಬ ನಿರ್ದೇಶಕರು ಅದನ್ನು ಚಿತ್ರೀಕರಿಸಿದರಾದರೂ ಚಿತ್ರಕ್ಕೂ ಧ್ವನಿಗೂ ಹೊಂದಿಸುವ ಗುರುತುಗಳನ್ನು ಮಾಡಿಕೊಳ್ಳದೆ ಹೋದುದರಿಂದ ಚಿತ್ರ ದಶಕಗಟ್ಟಲೆ ಡಬ್ಬಿಯಲ್ಲಿ ಉಳಿದು, ಆಕೆ ತೀರಿಕೊಂಡ ಮೇಲೆ 2018ರಲ್ಲಿ ತೆರೆಗೆ ಬಂತು. ಮೊದಲ ರಾತ್ರಿ ಮಿನುಗುವ ಬಿಳಿಯ ಉಡುಪು, ಎರಡನೆಯ ರಾತ್ರಿ ಹಸಿರು ಚಿತ್ತಾರದ ಸಡಿಲ ನಿಲುವಂಗಿ. ಶೆಕೆಗೆ ಹಣೆಯ ಬೆವರು ಧಾರೆಗಟ್ಟುತ್ತದೆ. ಹಾಡಿನ ನಡುವೆ ತಂದೆ ಎದ್ದು ಬಂದು ವಸ್ತ್ರದಿಂದ ಮಗಳ ಮುಖವನ್ನು ಒರೆಸುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತವರು ಕ್ಲಾರಾ ವಾರ್ಡ್. ಅಂದು ಹ್ಯಾಟನ್ನು ಬಿಸುಟ ಗುರುವೂ ಅದನ್ನು ಕಂಡು ಬೆರಗಾದ ಶಿಷ್ಯೆಯೂ ಒಂದೇ ಸೂರಿನಡಿ ಇದ್ದರು. ಮರುವರ್ಷದ ಜನವರಿಯಲ್ಲಿ ಕ್ಲಾರಾ ತೀರಿಕೊಂಡರು.

ಏಪ್ರನ್ನು ತೊಟ್ಟ ರಾಣಿ

1980ರಲ್ಲಿ ತೆರೆಕಂಡ ‘ಬ್ಲೂಸ್ ಬ್ರದರ್ಸ್’ ಎಂಬ ಹಾಸ್ಯಚಿತ್ರದಲ್ಲಿ ಅರೀಥಾ ಒಂದು ಸಣ್ಣ ಹೋಟೆಲಿನ ಒಡತಿಯಾಗಿ, ಪರಿಚಾರಿಕೆಯಾಗಿ ಬರುತ್ತಾರೆ. ಕಲೆಬಿದ್ದ ಏಪ್ರನ್ನು, ಮನೆಯಲ್ಲಿ ಮೆಟ್ಟುವ ಚಪ್ಪಲಿ. ರಾಣಿಯೆಂದು ಕರೆಸಿಕೊಂಡವರು ಚಮಕಿಯ ಗೌನನ್ನು ಬಿಟ್ಟು, ತಮ್ಮ ತಾಯಂದಿರ ಪೀಳಿಗೆ ಅನ್ನಕ್ಕಾಗಿ ತೊಟ್ಟ ಬಟ್ಟೆಯನ್ನು ತೊಟ್ಟು, ಗಂಡನಿಗೆ ‘ಸ್ವಲ್ಪ ಯೋಚಿಸು’ ಎಂದು ಬುದ್ಧಿ ಹೇಳುವ ಹಾಡನ್ನು ಹಾಡಿದಾಗ ಹೊಸ ತಲೆಮಾರು ಆಕೆಗೆ ಒಲಿಯಿತು. ಯಾವ ಬಟ್ಟೆಯಲ್ಲಿ ನಿಂತರೂ ಆಕೆ ರಾಣಿಯೇ ಎಂಬುದು ಅಂದು ತಿಳಿಯಿತು.

ಆ ವರ್ಷಗಳು ಮನೆಯಲ್ಲಿ ದುಃಖದ ವರ್ಷಗಳಾಗಿದ್ದುವು. 1979ರಲ್ಲಿ ತಂದೆ ಡೆಟ್ರಾಯಿಟಿನ ತಮ್ಮ ಮನೆಯಲ್ಲಿಯೇ ಗುಂಡಿನ ಏಟಿಗೆ ತುತ್ತಾಗಿ, ಪ್ರಜ್ಞೆಯಿಲ್ಲದೆ ಐದು ವರ್ಷ ಮಲಗಿದ್ದು, 1984ರಲ್ಲಿ ತೀರಿಕೊಂಡರು. ಅವರ ಬಳಿಯಿರಲೆಂದು ಅರೀಥಾ ಕ್ಯಾಲಿಫೋರ್ನಿಯಾವನ್ನು ಬಿಟ್ಟು ಊರಿಗೆ ಮರಳಿದ್ದರು. ವಿಮಾನಯಾನದಲ್ಲಿ ಒಮ್ಮೆ ಪಟ್ಟ ಭೀತಿಯಿಂದ ಮುಂದೆ ವಿಮಾನವನ್ನೇ ಹತ್ತದೆ, ಎಷ್ಟು ದೂರವಾದರೂ ಬಸ್ಸಿನಲ್ಲಿಯೇ ಹೋಗಿ ಹಾಡಿ ಬರುತ್ತಿದ್ದರು. 1985ರಲ್ಲಿ ಬಂದ ಆಕೆಯ ಜನಪ್ರಿಯ ಗೀತೆಯೊಂದು ಗುಲಾಬಿ ಬಣ್ಣದ ಕ್ಯಾಡಿಲ್ಯಾಕ್ ಕಾರಿನ ಸವಾರಿಯನ್ನು ಕುರಿತದ್ದು. ತುಂಡುಗೂದಲು, ತರುಣಿಯರ ಉಡುಪುಗಳಲ್ಲಿ ನಲವತ್ತಮೂರರ ಅರೀಥಾ ಮತ್ತೆ ಕಾಣಿಸಿಕೊಂಡರು. ಮೋಟಾರಿನ ಊರು ತನ್ನ ಕಾರನ್ನೂ ತನ್ನ ಮಗಳನ್ನೂ ಒಂದೇ ಹಾಡಿನಲ್ಲಿ ಕಂಡು ಹಿಗ್ಗಿತು.

ವಯಸ್ಸು, ಮೈಕಟ್ಟು, ತುಪ್ಪುಳು

ಐವತ್ತು ದಾಟಿದ ಮೇಲೆ ಅರೀಥಾರ ಮೈ ತುಂಬಿಕೊಂಡಿತು. ಉಡುಪು ಮಾತ್ರ ಮುದುಡಲಿಲ್ಲ. ತೋಳಿಲ್ಲದ ಗೌನುಗಳು, ಇಳಿಗೊರಳಿನ ರವಿಕೆಗಳು, ನೆಲಗುಡಿಸುವ ತುಪ್ಪುಳಿನ ಕೋಟುಗಳು. 1993ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಅಂಕಣಕಾರ್ತಿಯೊಬ್ಬರು, ಇಂಥ ಮೈಕಟ್ಟಿನವರಿಗೆ ಇಂಥ ಉಡುಪು ಸಲ್ಲದೆಂದು ಪತ್ರಿಕೆಯಲ್ಲಿ ಬರೆದರು. ಅರೀಥಾ ಸುಮ್ಮನಿರಲಿಲ್ಲ. ಉಡುಪಿನ ವಿಷಯದಲ್ಲಿ ನೀವೇನೂ ಪ್ರಮಾಣವಲ್ಲ, ನನ್ನ ಮನಸ್ಸನ್ನು ಬಲ್ಲವರಂತೆ ಬರೆಯುವ ಧೈರ್ಯ ನಿಮಗೆಲ್ಲಿಂದ ಬಂತು ಎಂಬ ಭಾವದ ಖಾರವಾದ ಪತ್ರವನ್ನೇ ಕಳುಹಿಸಿದರು.

ಈ ಜಗಳವನ್ನು ಬಾಯಿಜಗಳವೆಂದು ತಳ್ಳಿಹಾಕುವಂತಿಲ್ಲ. ವಯಸ್ಸಾದ ಹೆಂಗಸು ಮಂಕಾದ ಬಣ್ಣವನ್ನು ಉಟ್ಟು ಮೂಲೆಯಲ್ಲಿರಬೇಕು ಎಂಬ ನಿಯಮವನ್ನು ಯಾವ ಶಾಸನಸಭೆಯೂ ಮಾಡಿಲ್ಲ. ಆದರೂ ಅದು ಎಲ್ಲ ದೇಶಗಳಲ್ಲೂ ನಡೆಯುತ್ತಿದೆ. 1740ರ ಕಾನೂನಿನಲ್ಲಿದ್ದುದೂ ಇದೇ ಪ್ರಶ್ನೆ: ಯಾರ ಮೈಮೇಲೆ ಎಂಥ ಬಟ್ಟೆ ಇರಬೇಕೆಂದು ತೀರ್ಮಾನಿಸುವವರು ಯಾರು? ನ್ಯೂ ಬೆಥೆಲ್ ಚರ್ಚಿನ ಹಿರಿಯ ಹೆಂಗಸರನ್ನು ನೋಡುತ್ತ ಬೆಳೆದವರಿಗೆ ಉತ್ತರ ತಿಳಿದಿತ್ತು. ಅಲ್ಲಿ ವಯಸ್ಸಾದಷ್ಟೂ ಹ್ಯಾಟು ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ತುಪ್ಪುಳಿನ ಕೋಟಿನ ಮಾತು ಬೇರೆ. ಪ್ರಾಣಿದಯಾ ಸಂಘದವರು ಅದನ್ನು ಕಟುವಾಗಿ ಟೀಕಿಸಿದರು. ಅಹಿಂಸೆಯ ಮಾತನ್ನು ಎಳವೆಯಿಂದ ಕೇಳಿಕೊಂಡು ಬಂದ ನಮಗೆ ಆ ಟೀಕೆ ನ್ಯಾಯವೆಂದೇ ತೋರುತ್ತದೆ. ಆದರೆ ಆ ಕೋಟಿಗೂ ಒಂದು ವಂಶಾವಳಿಯಿದೆಯೆಂಬುದನ್ನು ಮರೆಯಬಾರದು. 1939ರಲ್ಲಿ ಮೇರಿಯನ್ ಆಂಡರ್ಸನ್ ಎಂಬ ಮಹಾಗಾಯಕಿಗೆ ಕಪ್ಪು ಬಣ್ಣದವರೆಂಬ ಕಾರಣಕ್ಕೆ ವಾಷಿಂಗ್‌ಟನ್ನಿನ ದೊಡ್ಡ ಸಭಾಂಗಣವನ್ನು ಕೊಡಲಿಲ್ಲ. ಈಸ್ಟರ್ ಹಬ್ಬದ ದಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಚಳಿಯಲ್ಲಿ, ತುಪ್ಪುಳಿನ ಕೋಟು ತೊಟ್ಟು 75 ಸಾವಿರ ಜನರ ಎದುರಿಗೆ ಆಕೆ ಹಾಡಿದರು. ಬಾಗಿಲು ಮುಚ್ಚಿಸಿಕೊಂಡವರು ರಾಣಿಯಂತೆ ನಿಂತ ಆ ಚಿತ್ರ ಕಪ್ಪು ಜನರ ಮನೆಮನೆಯಲ್ಲಿ ನೆಲೆಯೂರಿತು.

ಅರೀಥಾರ ಕೋಟಿನ ಕಥೆ ಪೂರ್ಣವಾದದ್ದು 2015ರ ಡಿಸೆಂಬರಿನಲ್ಲಿ, ವಾಷಿಂಗ್‌ಟನ್ನಿನ ಕೆನೆಡಿ ಕೇಂದ್ರದಲ್ಲಿ. ಗೀತರಚನೆಗಾರ್ತಿ ಕೆರೋಲ್ ಕಿಂಗ್ ಅವರ ಸನ್ಮಾನದ ಸಮಾರಂಭ. ರಾಷ್ಟ್ರಾಧ್ಯಕ್ಷ ಒಬಾಮಾ ಮೇಲಿನ ಆಸನದಲ್ಲಿ ಕುಳಿತಿದ್ದರು. 73 ವರ್ಷದ ಅರೀಥಾ ನೆಲಮುಟ್ಟುವ ತುಪ್ಪುಳಿನ ಕೋಟಿನಲ್ಲಿ ಬಂದು, ಕೈಚೀಲವನ್ನು ಪಿಯಾನೋದ ಮೇಲಿಟ್ಟು ಹಾಡತೊಡಗಿದರು. ಆ ಕೈಚೀಲಕ್ಕೂ ಅರ್ಥವಿತ್ತು. ಕಪ್ಪು ಕಲಾವಿದರಿಗೆ ಹಾಡಿಸಿ ಹಣ ಕೊಡದೆ ಓಡಿಹೋದ ಗುತ್ತಿಗೆದಾರರ ಕಾಲವನ್ನು ಕಂಡಿದ್ದ ಅರೀಥಾ ಸಂಭಾವನೆಯನ್ನು ನಗದಾಗಿಯೇ ಪಡೆದು, ಚೀಲವನ್ನು ಕಣ್ಣೆದುರಿಗೇ ಇಟ್ಟುಕೊಳ್ಳುತ್ತಿದ್ದರು. ಹಾಡು ಮೇಲೇರಿದಂತೆ ಆಕೆ ಎದ್ದುನಿಂತರು. ಉತ್ಕರ್ಷದ ಸ್ಥಾನದಲ್ಲಿ ಎರಡು ತೋಳುಗಳನ್ನೂ ಎತ್ತಿ, ಹೆಗಲ ಮೇಲಿದ್ದ ಕೋಟನ್ನು ನೆಲಕ್ಕೆ ಜಾರಿಸಿಬಿಟ್ಟರು. ಸಭೆಗೆ ಸಭೆಯೇ ಎದ್ದುನಿಂತಿತು, ಅಧ್ಯಕ್ಷರು ಕಣ್ಣೊರೆಸಿಕೊಂಡರು. ಪತ್ರಿಕೆಗಳು ಅದನ್ನು ವೇದಿಕೆಯ ಚಮತ್ಕಾರವೆಂದು ಬರೆದವು. ಡೆಟ್ರಾಯಿಟಿನ ಚರ್ಚಿನ ಹಿರಿಯರಿಗೆ ಅದು ಹೊಸದಾಗಿರಲಾರದು. ಕ್ಲಾರಾ ವಾರ್ಡ್ ಅವರ ಹ್ಯಾಟು ಬಿದ್ದದ್ದೂ ಹೀಗೆಯೇ. ಆತ್ಮ ಮೇಲೇಳುವಾಗ ಅಲಂಕಾರ ಕೆಳಗಿಳಿಯುತ್ತದೆ. ಆದರೆ ಕೆಳಗಿಳಿಸಬೇಕಾದರೆ ಮೊದಲು ತೊಟ್ಟಿರಬೇಕಷ್ಟೆ.

ಒಂದು ಹ್ಯಾಟಿನ ಪ್ರಯಾಣ

ಇದಕ್ಕೆ ಸುಮಾರು ಏಳು ವರ್ಷ ಹಿಂದೆ, 2009ರ ಜನವರಿ 20ರಂದು, ಬರಾಕ್ ಒಬಾಮಾ ಅಮೆರಿಕದ ಮೊದಲ ಕಪ್ಪು ವರ್ಣದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಮೈ ಕೊರೆಯುವ ಚಳಿ. ಲಕ್ಷಾಂತರ ಜನರೆದುರಿಗೆ ಅರೀಥಾ ದೇಶಭಕ್ತಿಗೀತೆಯೊಂದನ್ನು ಹಾಡಿದರು. 1939ರಲ್ಲಿ ಮೇರಿಯನ್ ಆಂಡರ್ಸನ್ ಮೊದಲು ಹಾಡಿದ್ದು ಅದೇ ಗೀತೆ. ಆದರೆ ಅಂದು ಜಗತ್ತು ಮಾತನಾಡಿಕೊಂಡದ್ದು ಹಾಡಿಗಿಂತ ಹೆಚ್ಚಾಗಿ ಹ್ಯಾಟನ್ನು ಕುರಿತು. ಬೂದುಬಣ್ಣದ ಉಣ್ಣೆಯ ಹ್ಯಾಟು. ಅದರ ಮೇಲೆ ಓರೆಯಾಗಿ ನಿಂತ, ಅಂಚಿಗೆ ಮಿನುಗುವ ಹರಳುಗಳನ್ನು ಕೂಡಿಸಿದ, ದೊಡ್ಡದೊಂದು ಬೋ ಕಟ್ಟು.

ಗೇಲಿ ಮಾಡುವವರಿಗೆ ಹಬ್ಬವಾಯಿತು. ಆ ಹ್ಯಾಟನ್ನು ಕಂಡಕಂಡವರ ತಲೆಯ ಮೇಲಿಟ್ಟ ಕುಚೋದ್ಯದ ಚಿತ್ರಗಳು ಊರೂರು ಸುತ್ತಿದುವು. ಆದರೆ ಕಪ್ಪು ಜನರ ಮನೆಗಳಲ್ಲಿ ಅದನ್ನು ನೋಡಿದವರಿಗೆ ಬೇರೊಂದು ಅರ್ಥ ಕಂಡಿತು. ಅದು ಯಾವ ಪ್ಯಾರಿಸ್ಸಿನಿಂದಲೂ ಬಂದುದಲ್ಲ, ಡೆಟ್ರಾಯಿಟಿನದೇ ಸರಕು. ಕೊರಿಯಾದಿಂದ ವಲಸೆ ಬಂದ ಕುಟುಂಬವೊಂದು ನಡೆಸುತ್ತಿದ್ದ ಹ್ಯಾಟಿನ ಮಳಿಗೆಯಲ್ಲಿ ಲ್ಯೂಕ್ ಸಾಂಗ್ ಎಂಬುವರು ಅದನ್ನು ರಚಿಸಿದ್ದರು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಭಾನುವಾರ ಚರ್ಚಿಗೆ ಹೋಗುವ ಕಪ್ಪು ಮಹಿಳೆಯರೇ. ಅಧ್ಯಕ್ಷಪದವಿಯ ಸಮಾರಂಭಕ್ಕೆ ಏನುಡಬೇಕೆಂಬ ಪ್ರಶ್ನೆ ಬಂದಾಗ ಅರೀಥಾ ದೊಡ್ಡ ಊರುಗಳ ವಿನ್ಯಾಸಕಾರರತ್ತ ನೋಡದೆ, ತಮ್ಮ ಊರಿನ ಅಜ್ಜಿಯರು ಹ್ಯಾಟು ಕೊಳ್ಳುವ ಅಂಗಡಿಗೆ ಹೋದರು. ಅಂಥದೇ ಹ್ಯಾಟು ಬೇಕೆಂದು ದೇಶದ ನಾನಾ ಕಡೆಗಳಿಂದ ಆ ಮಳಿಗೆಗೆ ಬೇಡಿಕೆಗಳು ಹರಿದುಬಂದುವು. ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದವರು ಅದನ್ನೇ ಕೇಳಿದರು. ಚಳಿಯಿಂದ ತಮ್ಮ ಕಂಠ ಅಂದು ತಮಗೆ ತೃಪ್ತಿಯಾಗುವಂತೆ ಏಳಲಿಲ್ಲವೆಂದು ಅರೀಥಾ ಹೇಳಿಕೊಂಡರು. ಹ್ಯಾಟು ಮಾತ್ರ ಹೇಳಬೇಕಾದುದನ್ನು ಹೇಳಿತ್ತು.

ನಾಲ್ಕು ದಿನ, ನಾಲ್ಕು ಉಡುಪು

2018ರ ಆಗಸ್ಟ್ 16ರಂದು ಡೆಟ್ರಾಯಿಟಿನ ತಮ್ಮ ಮನೆಯಲ್ಲಿ ಅರೀಥಾ ಕೊನೆಯುಸಿರೆಳೆದರು. ಆಗಸ್ಟ್ 28ರಂದು ಚಾರ್ಲ್ಸ್ ರೈಟ್ ಆಫ್ರಿಕನ್ ಅಮೆರಿಕನ್ ಇತಿಹಾಸ ಸಂಗ್ರಹಾಲಯದ ಗುಮ್ಮಟದ ಕೆಳಗೆ, ಚಿನ್ನದ ಲೇಪದ ಪೆಟ್ಟಿಗೆಯಲ್ಲಿ, ಆಕೆಯ ದೇಹವನ್ನು ಸಾರ್ವಜನಿಕರ ದರ್ಶನಕ್ಕಿಟ್ಟರು. ಕೆಂಪು ಉಡುಪು, ಎತ್ತರ ಹಿಮ್ಮಡಿಯ ಕೆಂಪು ಜೋಡು. ಮರುದಿನ ಬಂದವರು ನೋಡಿ ಬೆರಗಾದರು: ಉಡುಪು ತಿಳಿನೀಲಿಯದಾಗಿತ್ತು! ಮೂರನೆಯ ದಿನ ತಂದೆಯ ನ್ಯೂ ಬೆಥೆಲ್ ಚರ್ಚಿನಲ್ಲಿ ಗುಲಾಬಿಹೊನ್ನಿನ ಬಣ್ಣ. ಆಗಸ್ಟ್ 31ರ ಅಂತ್ಯಕ್ರಿಯೆಯ ದಿನ ಹೊಳೆಹೊಳೆವ ಚಿನ್ನದ ಬಣ್ಣದ ನಿಲುವಂಗಿ. ಕಛೇರಿಯ ನಡುವೆ ಉಡುಪು ಬದಲಿಸಿ ಬರುತ್ತಿದ್ದ ಗಾಯಕಿ ಕೊನೆಯ ಪಯಣದಲ್ಲಿಯೂ ಆ ಪದ್ಧತಿಯನ್ನು ಬಿಡಲಿಲ್ಲ.

ಸತ್ತವರಿಗೆ ಇಷ್ಟೇಕೆ ಎಂದು ನಮ್ಮಲ್ಲಿ ಯಾರಾದರೂ ಕೇಳಬಹುದು. ಸುಮಂಗಲಿಯಾಗಿ ಹೋದ ಮುತ್ತೈದೆಗೆ ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಅರಿಶಿನ ಕುಂಕುಮವಿಟ್ಟು ಕಳುಹಿಸುವ ನಾಡಿನವರು ನಾವು. ಹೋಗುವವರನ್ನು ಬರಿದಾಗಿ ಕಳುಹಿಸಬಾರದೆಂಬ ಭಾವ ನಮಗೆ ಹೊಸದಲ್ಲ. ಆಕೆಯನ್ನು ಹೊತ್ತ 1940ರ ಮಾದರಿಯ ಶವವಾಹನ 1984ರಲ್ಲಿ ತಂದೆಯನ್ನು ಹೊತ್ತಿತ್ತು. 2005ರಲ್ಲಿ, ಬಸ್ಸಿನಲ್ಲಿ ತಮ್ಮ ಆಸನವನ್ನು ಬಿಳಿಯರಿಗೆ ಬಿಟ್ಟುಕೊಡದೆ ಚಳವಳಿಯೊಂದನ್ನು ಹುಟ್ಟಿಸಿದ ರೋಸಾ ಪಾರ್ಕ್ಸ್ ಅವರನ್ನೂ ಹೊತ್ತಿತ್ತು. ಅಂದಿನ ಗೌರವಕ್ಕೆ ಗುಲಾಬಿ ಬಣ್ಣದ ಕ್ಯಾಡಿಲ್ಯಾಕ್ ಕಾರುಗಳು ನೂರಕ್ಕೂ ಮಿಕ್ಕಿ ಬಂದು ಬೀದಿಯಲ್ಲಿ ಸಾಲುಗಟ್ಟಿ ನಿಂತುವು. ಪ್ರಾರ್ಥನೆ ಎಂಟು ಗಂಟೆಗಳಿಗೂ ಮೀರಿ ನಡೆಯಿತು.

ಡೆಟ್ರಾಯಿಟಿಗೆ ಹೋಗುವ ಅವಕಾಶವಿರುವವರಿಗೆ ಒಂದು ಮಾತು. ನದೀತೀರದಲ್ಲಿ ಅರೀಥಾರ ಹೆಸರಿನ ಬಯಲು ರಂಗಮಂದಿರವಿದೆ, ಅದನ್ನು ನೋಡಬಹುದು. ಮೋಟೌನಿನ ಮನೆಯನ್ನು ನೋಡಬಹುದು. ರೈಟ್ ಸಂಗ್ರಹಾಲಯದ ಗುಮ್ಮಟದ ಕೆಳಗೆ ಒಂದು ಗಳಿಗೆ ನಿಲ್ಲಬಹುದು. ಆದರೆ ಸಾಧ್ಯವಾದರೆ ಪ್ರಯಾಣದ ದಿನಗಳಲ್ಲಿ ಒಂದು ಭಾನುವಾರ ಸೇರುವಂತೆ ನೋಡಿಕೊಳ್ಳಬೇಕು. ಬೆಳಗ್ಗೆ ಲಿನ್‌ವುಡ್ ರಸ್ತೆಯ ಹಳೆಯ ಚಿತ್ರಮಂದಿರದಂಥ ಆ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂಡಬೇಕು. ಪ್ರವಾಸದ ಸುಕ್ಕುಬಟ್ಟೆಯಲ್ಲಿ ಹೋಗುವುದು ಬೇಡ. ಪೆಟ್ಟಿಗೆಯ ತಳದಲ್ಲಿರುವ ಒಳ್ಳೆಯ ಸೀರೆಯನ್ನೋ, ಇಸ್ತ್ರಿ ಮಾಡಿದ ಅಂಗಿಯನ್ನೋ ಧರಿಸಿಯೇ ಹೋಗಬೇಕು. ಆ ಜನರು ಉಡುಪನ್ನು ಮರ್ಯಾದೆಯ ಭಾಷೆಯಾಗಿ ಕಲಿತವರು. ಅವರ ಮನೆಗೆ ಹೋದಾಗ ಅವರ ಭಾಷೆಯಲ್ಲಿ ನಾಲ್ಕು ಮಾತಾದರೂ ಆಡುವುದು ಅತಿಥಿಗೆ ಒಪ್ಪುವ ನಡತೆ.